ಮಗಳ ರಾತ್ರಿಯೂಟವನ್ನು ಎದುರಂಗಡಿಗೆ ಕೊಟ್ಟವರಿಗೆ

ಮಾನ್ಯರೇ,

ನನ್ನ ಮಗಳು ಚೇತರಿಸಿಕೊಂಡಿದ್ದಾಳೆ. ತಮ್ಮ ಮೇಲೆ ನನಗಿರುವ ದೂರು ಅದೇ.

ಇಷ್ಟು ಓದಿದ ಕೂಡಲೇ ಈ ಪತ್ರವನ್ನು ತಲೆಕೆಟ್ಟವರ ಪತ್ರಗಳ ಕಟ್ಟಿಗೆ ಸೇರಿಸಬೇಡಿ. ನಗರದ ಆರೋಗ್ಯ ಕಚೇರಿಯಲ್ಲಿ ಆಹಾರ ವಿಭಾಗಕ್ಕೆ ಮುಖ್ಯಸ್ಥರಾಗಿರುವ ತಮಗೆ ದಿನವೂ ಎಂಥ ದೂರುಗಳು ಬರುತ್ತವೆಂದು ನಾನು ಊಹಿಸಬಲ್ಲೆ. ಹಾಲು ನೀರಾಗಿದೆ, ಹೋಟೆಲಿನ ಅಡುಗೆಮನೆಯಲ್ಲಿ ಇಲಿ ಓಡಾಡುತ್ತಿದೆ, ಶಾಲೆಯ ಕ್ಯಾಂಟೀನಿನ ಎಣ್ಣೆ ಕಪ್ಪಗಾಗಿದೆ. ಅಂಥ ದೂರು ಬರೆಯುವವರನ್ನು ಕಂಡರೂ ನನಗೆ ಕರುಬು. ಅವರ ಕಡೆ ನ್ಯಾಯವಿದೆ. ನನ್ನ ಕಡೆ ಏನಿದೆ? ತಾವು ಮಾಡಿದ್ದೆಲ್ಲ ಸರಿಯಾಗಿದೆ, ಅದಕ್ಕೆ ಫಲವೂ ಬಂದಿದೆ, ಹುಡುಗಿಯ ಕೆನ್ನೆಗೆ ಬಣ್ಣ ಮರಳಿದೆ, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಹತ್ತುತ್ತಾಳೆ. ಇಷ್ಟಾದ ಮೇಲೂ ಒಬ್ಬ ತಂದೆ ಊರಿಗೆಲ್ಲ ಕಾಣುವಂತೆ ಪತ್ರ ಬರೆಯಲು ಕೂತಿದ್ದಾನೆಂದರೆ ಅವನಿಗೆ ಏನಾಗಿರಬೇಕು? ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ತಾವು ನನ್ನ ಮಗಳ ರಾತ್ರಿಯೂಟವನ್ನು ನನ್ನ ಮನೆಯಿಂದ ಎತ್ತಿ, ನನ್ನ ಅಂಗಡಿಯ ಎದುರಿಗಿರುವ ಕಾಳಿನಂಗಡಿಯವನಿಗೆ ಕೊಟ್ಟಿರಿ. ಅಲ್ಲಿ ಅವಳು ತಿನ್ನುತ್ತಾಳೆ, ನಗುತ್ತಾಳೆ, ಎರಡನೇ ಸಲ ಬಡಿಸಿಕೊಳ್ಳುತ್ತಾಳೆ. ನಾನು ಬೀದಿಯ ಈಚೆ ಕತ್ತಿ ಒರೆಸುತ್ತಾ ನಿಂತು ನೋಡುತ್ತೇನೆ.

ಕತ್ತಿ ಎಂದೆ. ಹೌದು, ನಾನು ಮಾಂಸದಂಗಡಿಯವನು. ನನ್ನ ತಂದೆಯೂ ಅದೇ ಅಂಗಡಿಯಲ್ಲಿ, ಅದೇ ಮರದ ದಿಮ್ಮಿಯ ಮೇಲೆ ಕಡಿದವರು. ಕಡಿದು ಕಡಿದು ಆ ದಿಮ್ಮಿಯ ನಡುಭಾಗ ಬಟ್ಟಲಿನಂತೆ ತಗ್ಗಾಗಿದೆ. ಈ ಬೀದಿಯಲ್ಲಿ ಯಾರ ಮನೆಯ ಹುಡುಗಿಗೆ ರಕ್ತ ಕಡಿಮೆ ಎಂದು ವೈದ್ಯರು ಹೇಳಿದರೂ ಮರುದಿನ ಬೆಳಿಗ್ಗೆ ಆ ಮನೆಯವರು ನನ್ನ ಮುಂದೆ ನಿಂತಿರುತ್ತಿದ್ದರು. "ಸ್ವಲ್ಪ ಲಿವರ್ ಕೊಡಿ, ಮಗು ಸೊರಗಿದೆ" ಎನ್ನುತ್ತಿದ್ದರು. ಎಷ್ಟು ಮನೆಯ ಹುಡುಗಿಯರ ಕೆನ್ನೆ ಕೆಂಪಾಗಿದ್ದು ನನ್ನ ಅಂಗಡಿಯಿಂದ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಊರ ಮಕ್ಕಳಿಗೆಲ್ಲ ಬಣ್ಣ ಕೊಟ್ಟವನ ಮಗಳು ಬಿಳಿಚಿಕೊಂಡಳು. ಬಿಳಿಚಿಕೊಂಡವಳಿಗೆ ಬಣ್ಣ ಬಂದಿದ್ದು ಎದುರಂಗಡಿಯಿಂದ. ಈಗ ಹೇಳಿ, ಉರಿಯುವುದಿಲ್ಲವೇ?

ಅವಳಿಗೆ ಹದಿನೈದು ತುಂಬಿದ ವರ್ಷ, ಒಂದು ದಿನ ಊಟಕ್ಕೆ ಕೂತವಳು ತಟ್ಟೆಯನ್ನು ಅತ್ತ ಸರಿಸಿ, "ಇನ್ಮೇಲೆ ನನಗೆ ಮಾಂಸ ಬೇಡ ಅಪ್ಪ" ಎಂದಳು. ಯಾಕೆ ಎಂದೆ. "ಬೇಡ ಅನ್ಸ್ತು. ನೀನು ಮಾರ್ಬೇಡ, ನೀನು ತಿನ್ಬೇಡ ಅಂತಿಲ್ವಲ್ಲ. ನನಗೆ ಬೇಡ ಅಷ್ಟೇ." ಬೀದಿಯವರಿಗೆ ಇಷ್ಟು ಸಣ್ಣ ಕಥೆ ಸಾಲಲಿಲ್ಲ. ಕುರಿಮರಿಯ ಕಣ್ಣು ನೋಡಿ ಅತ್ತಳಂತೆ ಎಂದರು, ಯಾರೋ ಹುಡುಗ ತಲೆ ಕೆಡಿಸಿದ್ದಾನೆ ಎಂದರು, ಅಪ್ಪನ ಕಸುಬಿನ ಬಗ್ಗೆ ನಾಚಿಕೆಯಂತೆ ಎಂದರು. ಯಾವುದೂ ನಿಜವಲ್ಲ. ಭಾನುವಾರ ಜನ ನುಗ್ಗುವಾಗ ಇವತ್ತಿಗೂ ಗಲ್ಲಾಪೆಟ್ಟಿಗೆಯಲ್ಲಿ ಕೂರುವವಳು ಅವಳೇ. "ತೊಡೆ ಭಾಗ ಬೇಕಾ, ಪಕ್ಕೆ ಬೇಕಾ" ಎಂದು ಗಿರಾಕಿಗಳನ್ನು ಕೇಳುವಾಗ ಮುಖ ಸಿಂಡರಿಸಿದ್ದನ್ನು ನಾನು ನೋಡಿಲ್ಲ. ಅವಳು ಸಿಟ್ಟಾಗಿದ್ದರೆ ನನಗೂ ಜಗಳವಾಡಲು ಒಂದು ಹಿಡಿ ಸಿಗುತ್ತಿತ್ತು. ಸಿಟ್ಟೇ ಇಲ್ಲದವಳ ಜೊತೆ ಏನೆಂದು ಜಗಳವಾಡಲಿ?

ಮಾನ್ಯರೇ, ಸಸ್ಯಾಹಾರವೆಂದರೆ ನಮ್ಮ ಊಟದಿಂದ ಮಾಂಸ ಕಳೆದರೆ ಉಳಿಯುವಂಥದ್ದು ಎಂದು ನಾವು ಗಂಡ ಹೆಂಡತಿ ನಂಬಿದ್ದೆವು. ನಮ್ಮ ಊಟದಿಂದ ಮಾಂಸ ಕಳೆದರೆ ಉಳಿಯುತ್ತಿದ್ದುದು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಮತ್ತು ಟೀ. ಅದನ್ನೇ ಅವಳಿಗೆ ಕೊಟ್ಟೆವು. ಬೆಳಿಗ್ಗೆ ಬ್ರೆಡ್ಡು ಮತ್ತು ಟೀ, ಮಧ್ಯಾಹ್ನ ಶಾಲೆಯಲ್ಲಿ ಏನೋ ಕುರುಕಲು, ರಾತ್ರಿ ಆಲೂಗಡ್ಡೆ, ಮತ್ತೆ ಬ್ರೆಡ್ಡು, ಮತ್ತೆ ಟೀ. ನನ್ನ ಹೆಂಡತಿ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಡೀ ದಿನ ಇಸ್ತ್ರಿ ಹಾಕಿ ಬರುವವಳಿಗೆ ಎರಡೆರಡು ಅಡುಗೆ ಮಾಡುವ ಚೈತನ್ಯ ಎಲ್ಲಿಂದ ಬರಬೇಕು? "ಹಸಿವಾದ್ರೆ ತಾನೇ ದಾರಿಗೆ ಬರ್ತಾಳೆ ಬಿಡಿ" ಎಂದಳು. ನನಗೂ ಒಳಗೆ ಅದೇ ಆಸೆ ಇತ್ತು. ಅವಳು ಸೋತು ಬರಲಿ ಎಂದು ಕಾದಿದ್ದೆ.

ಅವಳು ದಾರಿಗೆ ಬರಲಿಲ್ಲ, ಸೊರಗಿದಳು. ಬಾಚಣಿಗೆಯ ತುಂಬ ಕೂದಲು. ಶಾಲೆಯಿಂದ ಬಂದವಳು ಸಮವಸ್ತ್ರ ಕೂಡ ಬದಲಿಸದೆ ಮಲಗಿಬಿಡುತ್ತಿದ್ದಳು. ಒಂದು ವಿಚಿತ್ರವೂ ಶುರುವಾಯಿತು. ಅಂಗಡಿಯ ಐಸ್ ಪೆಟ್ಟಿಗೆಯಿಂದ ಐಸಿನ ಚೂರು ತೆಗೆದು ಕಟುಂ ಕಟುಂ ಎಂದು ಅಗಿಯುತ್ತಿದ್ದಳು, ಚಳಿಯಲ್ಲೂ ಬಿಡುತ್ತಿರಲಿಲ್ಲ. ನಮಗೆ ಅದು ಹುಡುಗಾಟದ ಹಾಗೆ ಕಂಡಿತು. ಭಾನುವಾರ ಅಂಗಡಿ ತೊಳೆದ ಮೇಲೆ ದಿಮ್ಮಿಯ ಮೇಲೆ ಮೊಣಕೈ ಊರಿ ನಾವಿಬ್ಬರು ಪಂಜ ಕುಸ್ತಿ ಆಡುವುದಿತ್ತು. ಅವಳು ಚಿಕ್ಕವಳಿದ್ದಾಗ ನಾನು ಸೋತಂತೆ ನಟಿಸುತ್ತಿದ್ದೆ. ಹದಿನಾಲ್ಕರ ಹೊತ್ತಿಗೆ ನಟಿಸುವ ಅಗತ್ಯ ಕಡಿಮೆಯಾಗಿತ್ತು. ಆ ಚಳಿಗಾಲದಲ್ಲಿ ಒಂದು ಭಾನುವಾರ ಅವಳ ಕೈ ಹಿಡಿದೆ, ಇನ್ನೂ ಬಲ ಹಾಕಿರಲಿಲ್ಲ, ಕೈ ತಾನಾಗಿ ವಾಲಿಬಿಟ್ಟಿತು. "ಇವತ್ತು ಬೇಡ ಅಪ್ಪ, ಸುಸ್ತು" ಎಂದಳು. ನನಗೆ ಭಯವಾಗಿದ್ದು ಆವತ್ತು.

ಆ ಭಯದಲ್ಲಿ ನಾನೇ ಅಡುಗೆಗೆ ನಿಂತೆ. ಮುಂದೆ ನಡೆದದ್ದು ತಮ್ಮ ಕಚೇರಿಗೆ ಗೊತ್ತಿದೆ. "ಮನೆಯ ಅಡುಗೆಯ ಮೇಲೆ ಬಾಲಕಿಗೆ ವಿಶ್ವಾಸವಿರುವುದಿಲ್ಲ" ಎಂದು ತಮ್ಮವರು ವರದಿಯ ಒಂದೇ ವಾಕ್ಯದಲ್ಲಿ ನನ್ನ ಮಾನ ಕಳೆದಿದ್ದಾರೆ. ವಾಕ್ಯ ಚೆನ್ನಾಗಿದೆ, ವ್ಯಾಕರಣವೂ ಶುದ್ಧವಾಗಿದೆ. ಆದರೆ ವಿಶ್ವಾಸ ಹೋದದ್ದು ಹೇಗೆಂದು ಅದರಲ್ಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ತೂಕ ಮುಗಿದು ಪೊಟ್ಟಣ ಕಟ್ಟುವ ಮುನ್ನ ಒಂದು ಎಲುಬಿನ ತುಂಡನ್ನು ಕೊಸರು ಹಾಕುತ್ತೇವೆ. ಯಾರೂ ಕೇಳಬೇಕಾಗಿಲ್ಲ, ನಾನು ನೆನಪಿಟ್ಟುಕೊಳ್ಳಬೇಕಾಗಿಯೂ ಇಲ್ಲ. ನನ್ನ ತಂದೆ ಕಲಿಸಿದ ಕೈ ಅದು, ಗಿರಾಕಿಯ ಜೊತೆ ಮಾತಾಡುತ್ತಿರುವಾಗಲೇ ತನ್ನ ಪಾಡಿಗೆ ಎಲುಬು ಎತ್ತಿ ಹಾಕಿರುತ್ತದೆ. ಆ ದಿನ ಒಂದು ಒಲೆಯ ಮೇಲೆ ಮಗಳಿಗೆಂದು ಕಾಳಿನ ಸೂಪು, ಇನ್ನೊಂದರ ಮೇಲೆ ನಮ್ಮಿಬ್ಬರದು. ಕಾಳಿನದನ್ನು ರುಚಿ ನೋಡಿದೆ, ಸಪ್ಪೆ. ಉಪ್ಪು ಹಾಕಿದೆ, ಆದರೂ ಏನೋ ಕಡಿಮೆ. ಹೆಂಡತಿ ಬಾಗಿಲಲ್ಲಿ ನಿಂತು ಏನೋ ಕೇಳಿದಳು, ನಾನು ಅತ್ತ ತಿರುಗಿ ಉತ್ತರ ಕೊಟ್ಟೆ, ಕೈ ತನ್ನ ಕೆಲಸ ಮಾಡಿತು.

ಮಗಳು ಎರಡು ಬಟ್ಟಲು ಕುಡಿದಳು. ತಿಂಗಳುಗಟ್ಟಲೆ ಅರ್ಧ ತಟ್ಟೆ ಬಿಟ್ಟು ಏಳುತ್ತಿದ್ದವಳು. "ಇವತ್ತು ಏನ್ ಹಾಕಿದ್ದೀಯಾ ಅಪ್ಪ? ತುಂಬಾ ಚೆನ್ನಾಗಿದೆ" ಎಂದಳು. ನಾನು ಉಬ್ಬಿಹೋದೆ, ಮೂರನೇ ಸಲ ನಾನೇ ಬಡಿಸಿದೆ. ಬಟ್ಟಲಿಗೆ ಎಲುಬು ಬಿತ್ತು. ಅವಳು ಕೂಗಾಡಲಿಲ್ಲ. ಅದನ್ನು ಎತ್ತಿ ತಟ್ಟೆಯ ಪಕ್ಕದಲ್ಲಿಟ್ಟು ಎದ್ದು ಹೋಗಿ ಬಾಯಿ ತೊಳೆದಳು, ತುಂಬ ಹೊತ್ತು ತೊಳೆದಳು, ನಲ್ಲಿಯ ಸದ್ದು ನಿಲ್ಲಲೇ ಇಲ್ಲ. ನನ್ನ ಹೆಂಡತಿ ಎಲುಬನ್ನು ನೋಡಿ ಮೆಲ್ಲಗೆ, "ಕೈ ಮರೀತಾ, ಇಲ್ಲ ಮನಸ್ಸೇ ಮರೀತಾ?" ಎಂದಳು. ಕೈ ಎಂದೆ. ಈಗಲೂ ಕೈ ಎಂದೇ ಹೇಳುತ್ತೇನೆ. ಅಂದಿನಿಂದ ಮಗಳು ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟಲಿಲ್ಲ. ಸಿಪ್ಪೆ ಇರುವ ಹಣ್ಣು, ಮುಚ್ಚಿದ ಪೊಟ್ಟಣದಲ್ಲಿ ಬರುವ ಬಿಸ್ಕತ್ತು, ಅಷ್ಟೇ. ಕೆಲವು ವಾರಗಳ ನಂತರ ಶಾಲೆಯ ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ರಕ್ತ ಪರೀಕ್ಷೆ ಮಾಡಿಸಿದರು, ಕಬ್ಬಿಣದ ಅಂಶ ಪಾತಾಳದಲ್ಲಿತ್ತು.

ಆಗ ತಮ್ಮ ಕಚೇರಿಯ ನರ್ಸಮ್ಮ ನಮ್ಮ ಮನೆಗೆ ಬಂದರು. ಫ್ರಿಜ್ಜಿನ ಬಾಗಿಲು ತೆರೆದು ನೋಡಿ ಮುಚ್ಚಿದರು. ಮಗಳು ಐಸ್ ಅಗಿಯುತ್ತಿದ್ದುದನ್ನು ಕಂಡು, "ಇದು ಯಾವಾಗಿಂದ?" ಎಂದು ಕೇಳಿ, ರಕ್ತ ತೀರ ಕಡಿಮೆಯಾದಾಗ ಕೆಲವರಿಗೆ ಹೀಗೆ ಐಸ್ ತಿನ್ನಬೇಕೆನಿಸುತ್ತದೆ ಎಂದರು. ನಾನು ಕಾಯುತ್ತಿದ್ದ ಘಳಿಗೆ ಅದು. ಈಗ ಇವರು ಹೇಳುತ್ತಾರೆ, ಮಗಳೇ ಸ್ವಲ್ಪ ಲಿವರ್ ತಿನ್ನು ಎಂದು, ಓದಿದವರ ಬಾಯಲ್ಲಿ ಬಂದರೆ ಕೇಳುತ್ತಾಳೆ ಎಂದುಕೊಂಡೆ. ಅವರು ಹೇಳದಿದ್ದಾಗ ನಾನೇ ಮಾತು ತೆಗೆದೆ. "ಲಿವರ್‌ನಲ್ಲಿ ಕಬ್ಬಿಣ ಇದೆ, ಸುಳ್ಳಲ್ಲ. ಆದ್ರೆ ನಿಮ್ಮ ಮಗಳು ಅದನ್ನ ತಿನ್ನಲ್ವಲ್ಲ. ತಿನ್ನೋದರ ಬಗ್ಗೆ ಮಾತಾಡೋಣ" ಎಂದರು. ಆಮೇಲೆ, "ಮಾಂಸ ಬಿಟ್ಟಿದ್ದಕ್ಕೆ ಹೀಗಾಗಿಲ್ಲ. ಬಿಟ್ಟ ಜಾಗ ಖಾಲಿ ಇಟ್ಟಿದ್ದಕ್ಕೆ ಹೀಗಾಗಿದೆ. ಬೆಳೆಯೋ ವಯಸ್ಸು, ಕಾಳು ಬೇಳೆ ಬೇಕು, ಸೊಪ್ಪು ಬೇಕು, ಹಾಲು ಮೊಸರು ಬೇಕು. ಬ್ರೆಡ್ಡು ಟೀ ಯಾರನ್ನ ತಾನೇ ಸಾಕುತ್ತೆ?" ಎಂದರು. ಕಬ್ಬಿಣದ ಮಾತ್ರೆ ಬರೆಸಿಕೊಟ್ಟರು, ಬಿ ಹನ್ನೆರಡೂ ಕಡಿಮೆಯಿದೆಯೆಂದು ಅದಕ್ಕೊಂದು ಮಾತ್ರೆ. ಇಷ್ಟಕ್ಕೇ ನಿಂತಿದ್ದರೆ ಅವರ ಫೋಟೋಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತಿದ್ದೆ.

ಆದರೆ ತಮ್ಮ ಹತ್ತಿರ ಒಂದು ಯೋಜನೆಯಿತ್ತು. ಅದರ ಹೆಸರು 'ಪಕ್ಕದ ತಟ್ಟೆ'. ಮಾಂಸ ಬಿಟ್ಟ ಹದಿಹರೆಯದವರಿಗೆ ಮನೆಯಲ್ಲಿ ತಕ್ಕ ಅಡುಗೆ ಬಾರದಿದ್ದರೆ, ಅಂಥ ಅಡುಗೆ ಬಲ್ಲ ನೆರೆಮನೆಯೊಂದರಲ್ಲಿ ವಾರಕ್ಕೆ ಆರು ಸಂಜೆ ಅವರಿಗೆ ಊಟ. ಇದನ್ನು ಯೋಚಿಸಿದ ಪುಣ್ಯಾತ್ಮರು ಯಾರು? ಅವರಿಗೆ ಮಕ್ಕಳಿದ್ದಾರೆಯೇ? ಅದರಲ್ಲೊಂದು ನಿಯಮ: 'ಮಕ್ಕಳು ನಿಸ್ಸಂಕೋಚವಾಗಿ ಉಣ್ಣಬೇಕಾದ್ದರಿಂದ ಅವರ ಸ್ವಂತ ಮನೆಯವರು ಆ ಹೊತ್ತಿನಲ್ಲಿ ಅದೇ ಮೇಜಿಗೆ ಕೂರತಕ್ಕದ್ದಲ್ಲ.' ಕೂರತಕ್ಕದ್ದಲ್ಲ! ಜೈಲಿನಲ್ಲಿರುವವರಿಗೂ ತಮ್ಮ ಮಕ್ಕಳನ್ನು ಎದುರು ಕೂರಿಸಿಕೊಂಡು ಮಾತಾಡುವ ಅವಕಾಶವಿರುತ್ತದೆ. ನನಗೆ ತಾವು ಒಂದು ಬೀದಿಯ ಅಗಲವನ್ನು ಮಂಜೂರು ಮಾಡಿದಿರಿ. ಇಡೀ ಊರಿನಲ್ಲಿ ತಮಗೆ ಸಿಕ್ಕ ನೆರೆಮನೆ ಯಾವುದು? ನನ್ನ ಕಣ್ಣೆದುರಿನ ಅಂಗಡಿ.

ಅವನನ್ನು ಬೀದಿಯೆಲ್ಲ ನಾಳೆಯಪ್ಪ ಎಂದೇ ಕರೆಯುತ್ತದೆ. ಯಾರು ಏನೇ ಕೊಂಡರೂ "ಇವತ್ತು ನೆನೆಹಾಕಿ, ನಾಳೆ ಬೇಯಿಸಿ" ಎನ್ನುವುದು ಅವನ ಅಭ್ಯಾಸ. ಅವನೂ ಅವನ ಅಕ್ಕನೂ ಅಂಗಡಿಯ ಹಿಂದೆಯೇ ವಾಸ. ಅಂಗಡಿಗೂ ಊಟದ ಮನೆಗೂ ನಡುವಿನ ಬಾಗಿಲನ್ನು ಅವರು ಎಂದೂ ಮುಚ್ಚಿದವರಲ್ಲ, ಈಗಂತೂ ಬೇಕೆಂದೇ ತೆರೆದಿಟ್ಟ ಹಾಗೆ ನನಗೆ ಕಾಣುತ್ತದೆ. ನನ್ನ ದಿಮ್ಮಿಯ ಹಿಂದೆ ನಿಂತರೆ ಚೀಲಗಳ ಸಾಲು, ಅದರಾಚೆ ಆ ಬಾಗಿಲು, ಬಾಗಿಲ ಚೌಕಟ್ಟಿನಲ್ಲಿ ಮೇಜಿನ ಒಂದು ತುದಿ, ಆ ತುದಿಯಲ್ಲಿ ನನ್ನ ಮಗಳ ಬೆನ್ನು. ನೆನೆಹಾಕಿದ ಬಟ್ಟಲುಗಳ ಮೇಲಿನ ಬಟ್ಟೆ ಸರಿಸಿ ಅವಳು ಮೊಳಕೆ ನೋಡುತ್ತಾಳೆ. ಸೊಪ್ಪು ಬಿಡಿಸುತ್ತಾಳೆ. ನನ್ನ ಮನೆಯಲ್ಲಿ ಒಂದು ಈರುಳ್ಳಿ ಸುಲಿದವಳಲ್ಲ. ಅವನು ನಿಂಬೆಹಣ್ಣು ಹಿಂಡುತ್ತಾ ಏನೋ ಹೇಳುತ್ತಾನೆ, ಅವಳ ಹೆಗಲು ಕುಲುಕುತ್ತದೆ. ನಗುತ್ತಿದ್ದಾಳೆಂದು ಹೆಗಲಿನಿಂದಲೇ ಗೊತ್ತಾಗುತ್ತದೆ. ಅಷ್ಟು ನಗುವಂಥದ್ದು ನಿಂಬೆಹಣ್ಣಿನಲ್ಲಿ ಏನಿದೆ? ಒಂದು ಸಂಜೆ ಮೇಜಿನ ಮೇಲೆ ಇಬ್ಬರ ಮೊಣಕೈಗಳೂ ಊರಿದ್ದವು. ಪಂಜ ಕುಸ್ತಿ. ನಮ್ಮ ಆಟ. ಅವನ ಕೈ ಧೊಪ್ಪನೆ ಬಿತ್ತು, ಅವನ ಅಕ್ಕ ಚಪ್ಪಾಳೆ ತಟ್ಟಿದಳು. ಮಗಳ ಕೈಗೆ ಬಲ ಬಂತೆಂದು ನಾನು ಸಂತೋಷಪಡಬೇಕಿತ್ತು. ಪಟ್ಟೆ ಕೂಡ, ಒಂದು ಕ್ಷಣ. ಆಮೇಲೆ ಅಂದು ಕಡಿದ ಮಾಂಸದ ತುಂಡುಗಳು ಒಂದೊಂದು ಒಂದೊಂದು ಗಾತ್ರ ಬಂದವೆಂದು ಗಿರಾಕಿಗಳು ಗೊಣಗಿದರು.

ಮನೆಗೆ ಬಂದರೂ ಅವನೇ. "ಅಪ್ಪ, ಊಟದ ಜೊತೆ ಟೀ ಕುಡೀಬಾರ್ದು. ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. ಸ್ವಲ್ಪ ಹೊತ್ತು ಬಿಟ್ಟು ಕುಡಿ." ಯಾರು ಹೇಳಿದ್ದು? "ನರ್ಸಮ್ಮ ಹೇಳಿದ್ರು, ದೊಡ್ಡಪ್ಪನೂ ಹೇಳ್ತಾರೆ." ಕಾಳಿನ ಮೇಲೆ ನಿಂಬೆರಸ ಯಾಕೆ? "ಹುಳಿ ಇದ್ರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ ಅಂತೆ, ದೊಡ್ಡಪ್ಪ ಎಲ್ಲದಕ್ಕೂ ಹಿಂಡ್ತಾರೆ." ದೊಡ್ಡಪ್ಪ! ಮಾನ್ಯರೇ, ಅವನು ನನಗಿಂತ ಎರಡು ವರ್ಷ ಚಿಕ್ಕವನು. ನ್ಯಾಯವಾಗಿ ಚಿಕ್ಕಪ್ಪನಾಗಬೇಕು. ತಲೆ ನರೆತಿದೆ ಎಂಬ ಒಂದೇ ಕಾರಣಕ್ಕೆ ಅವನನ್ನು ನನ್ನ ಅಣ್ಣನ ಸ್ಥಾನಕ್ಕೆ ಏರಿಸಲು ಇವಳಿಗೆ ಅಧಿಕಾರ ಕೊಟ್ಟವರು ಯಾರು, ತಮ್ಮ ವಿಭಾಗವೇ? ಈ ಮಾತನ್ನು ಅವಳಿಗೆ ಹೇಳಿದೆ. "ಸರಿ, ಅವರಿಗೆ ಹೇಳ್ತೀನಿ ಕೂದಲಿಗೆ ಬಣ್ಣ ಹಚ್ಕೊಳ್ಳಿ ಅಂತ" ಎಂದು ಒಳಗೆ ಹೋದಳು.

ಸುಮ್ಮನೆ ಕೂತು ಉರಿದುಕೊಂಡೆನೆಂದು ತಿಳಿಯಬೇಡಿ. ಸ್ಪರ್ಧೆಗೂ ಇಳಿದೆ. ಅವನ ಹತ್ತಿರ ಕೊಳ್ಳಲು ಮನಸ್ಸು ಒಪ್ಪದೆ ಮೂರು ಬೀದಿ ಆಚೆ ಹೋಗಿ ಕಡಲೆ ತಂದೆ. ಭಾನುವಾರ ತಮ್ಮ ಯೋಜನೆಗೆ ರಜೆ, ಆ ದಿನ ಊಟ ನನ್ನದು. ಹೊಸ ಪಾತ್ರೆ ತಂದೆ, ಹೊಸ ಸೌಟು ತಂದೆ. ಮಾಂಸ ಮುಟ್ಟಿದ ಯಾವುದೂ ಅದರ ಹತ್ತಿರ ಸುಳಿಯದಂತೆ ನೋಡಿಕೊಂಡೆ. ನೆನೆಹಾಕುವುದನ್ನು ಮಾತ್ರ ಬಿಟ್ಟೆ. ಅವನ ಮಂತ್ರವನ್ನು ನಾನೇಕೆ ಜಪಿಸಲಿ ಎಂಬ ಹಟ. ಮಧ್ಯಾಹ್ನವೆಲ್ಲ ಕುದಿಸಿದರೂ ಕಡಲೆ ಜಲ್ಲಿಕಲ್ಲಿನಂತೆ ಹಾಗೇ ಉಳಿಯಿತು. ಅದನ್ನು ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಬಡಿಸಿಕೊಳ್ಳಲು ಬಂದ ಮಗಳು ಸೌಟನ್ನು ಪಾತ್ರೆಯ ತಳದವರೆಗೆ ಇಳಿಸಿ ನಿಧಾನವಾಗಿ ಒಂದು ಸುತ್ತು ಕಲಕಿದಳು. ಎತ್ತಿ ನೋಡಿದಳು. ಇನ್ನೊಂದು ಸುತ್ತು ಕಲಕಿದಳು. ಬೇಕೆಂದು ಮಾಡಿದ್ದಲ್ಲ, ಅವಳ ಕೈ ತನ್ನ ಪಾಡಿಗೆ ಮಾಡುತ್ತಿತ್ತು. ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ನಿಲ್ಲಿಸಿ ಬೇಗ ಬೇಗ ಬಡಿಸಿಕೊಂಡಳು. ಆ ಕಲ್ಲುಗಳನ್ನು ಅಗಿದು ನುಂಗಿ, "ಚೆನ್ನಾಗಿದೆ ಅಪ್ಪ" ಎಂದಳು. ಯಾರದೋ ಮನೆಗೆ ಊಟಕ್ಕೆ ಹೋದವರು ಹೇಳುವ ಹಾಗೆ ಹೇಳಿದಳು. ಹೆತ್ತ ಮಗಳು ನನ್ನ ಮನೆಯಲ್ಲಿ ನೆಂಟಳಂತೆ ಉಂಡಳು, ಮಾನ್ಯರೇ. ಅಂದು ಅವಳು ಸಿಟ್ಟಿನಿಂದ ಪಾತ್ರೆ ಎತ್ತಿ ಬಿಸಾಡಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಇದರ ನಡುವೆ ಇನ್ನೊಂದು ದ್ರೋಹ ಬಯಲಾಯಿತು. ಗುರುವಾರದ ಸಂಜೆಗಳಲ್ಲಿ ನನ್ನ ಹೆಂಡತಿಗೆ ಹಸಿವಿರುತ್ತಿರಲಿಲ್ಲ. ಕೆಲಸದ ಆಯಾಸ ಎಂದುಕೊಂಡಿದ್ದೆ. ಒಂದು ಗುರುವಾರ ಆ ಚೌಕಟ್ಟಿನಲ್ಲಿ ಮಗಳ ಬೆನ್ನಿನ ಪಕ್ಕದಲ್ಲಿ ಇನ್ನೊಂದು ಬೆನ್ನು ಕಂಡಿತು. ಇಸ್ತ್ರಿ ಮೇಜಿಗೆ ಬಗ್ಗಿ ಬಗ್ಗಿ ಸ್ವಲ್ಪ ಎಡಕ್ಕೆ ವಾಲಿದ ಬೆನ್ನು, ನಾನು ಎಲ್ಲಿದ್ದರೂ ಗುರುತು ಹಿಡಿಯುವಂಥದ್ದು. ಮನೆಗೆ ಬಂದಾಗ ಕೇಳಿದೆ. "ಕರ್ಕೊಂಡು ಬರೋಕೆ ಹೋಗ್ತೀನಿ" ಎಂದಳು. ನಿಯಮ ಏನಾಯಿತು? "ಅದೇ ಮೇಜಿಗೆ ಕೂರಬಾರ್ದು ಅಂತಿದೆ. ನಾನೆಲ್ಲಿ ಕೂತೆ? ನಿಂತ್ಕೊಂಡು ತಿಂತೀನಿ." ತಿನ್ನಲೇಬೇಕೆ ಎಂದೆ. "ಮನೆಗೆ ಬಂದು ನಿಮ್ಮ ಮುಖ ನೋಡ್ಕೊಂಡು ತಿನ್ನೋದಕ್ಕಿಂತ ಅಲ್ಲಿ ನಿಂತ್ಕೊಂಡು ತಿನ್ನೋದು ವಾಸಿ. ಬಿಸಿಬಿಸಿಯಾಗಿರುತ್ತೆ." ಈ ವಿಷಯವನ್ನು ಹೀಗೆ ಬಹಿರಂಗವಾಗಿ ಬರೆದದ್ದರಿಂದ ಅವಳ ಗುರುವಾರಕ್ಕೂ ಕುತ್ತು ಬರಬಹುದು. ಬಂದರೆ ಅವಳಿಂದ ನಾನು ಏನೇನು ಕೇಳಬೇಕಾದೀತೆಂದು ನನಗೆ ಗೊತ್ತು. ಆದರೂ ಬರೆದಿದ್ದೇನೆ, ನನ್ನ ಉರಿ ಯಾವ ಮಟ್ಟಕ್ಕಿದೆಯೆಂದು ಇದರಿಂದಲೇ ಅಂದಾಜು ಮಾಡಿಕೊಳ್ಳಿ.

ತಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನೂ ತಿಳಿಸಬೇಕು. ತಾವು ಆರಿಸಿದ ಆ ಆದರ್ಶ ಮನೆಯ ಯಜಮಾನ ಸಸ್ಯಾಹಾರಿಯಲ್ಲ. ಬೆಚ್ಚಿಬಿದ್ದಿರಾ? ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಅಂಗಡಿಗೆ ಬರುವ ಮೊದಲ ಗಿರಾಕಿ ನಾಳೆಯಪ್ಪ. ಚಿಕ್ಕಂದಿನಿಂದ ಈ ಬೀದಿಯಲ್ಲೇ ಆಡಿ ಬೆಳೆದವರು ನಾವು. ಇದನ್ನು ತಮ್ಮ ಕಚೇರಿಗೆ ತಿಳಿಸಿ ಅವನ ತಟ್ಟೆ ಕಿತ್ತುಕೊಳ್ಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಆದರೆ ತಮ್ಮ ನಿಯಮ ಕೇಳುವುದು ಅಡುಗೆ ಬರುತ್ತದೆಯೇ ಎಂದು, ಏನು ತಿನ್ನುತ್ತೀಯ ಎಂದಲ್ಲ. ಮಗಳು ಬರುವ ಆರು ಸಂಜೆ ಅವನೂ ಅವನ ಅಕ್ಕನೂ ಅವಳು ತಿನ್ನುವುದನ್ನೇ ತಿನ್ನುತ್ತಾರೆ. ಕಳೆದ ಭಾನುವಾರ ಅವನು ಎಂದಿನಂತೆ ಬಂದ. ಅವನಿಗೆ ಬೇಕಾದ್ದನ್ನು ತೂಗಿ ಪೊಟ್ಟಣ ಕಟ್ಟಿದೆ. ಕೊಸರು ಹಾಕಲಿಲ್ಲ. ಹುಟ್ಟಿದಾಗಿನಿಂದ ತಾನಾಗಿ ಓಡುತ್ತಿದ್ದ ಕೈಯನ್ನು ಹಿಡಿದು ನಿಲ್ಲಿಸಿದೆ.

ಅವನು ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿದ. "ಎಲುಬು ಮರೆತ್ಯಾ?" ಎಂದ.

"ಮರೆತಿಲ್ಲ" ಎಂದೆ.

ಅವನು ಹೋಗಲಿಲ್ಲ. ಗಿರಾಕಿಗಳು ಇನ್ನೂ ಬಂದಿರಲಿಲ್ಲ, ಮಗಳು ಹಿಂದೆ ಐಸ್ ಒಡೆಯುತ್ತಿದ್ದಳು. ಅವಳು ಐಸ್ ತಿನ್ನುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿದೆ. ನಾನು ದನಿ ತಗ್ಗಿಸಿ, ಬಹಳ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ. "ನಿನ್ನ ಮನೇಲೂ ಪಾತ್ರೆ ತಳ ಕಲಕಿ ನೋಡ್ತಾಳಾ?"

ಅವನಿಗೆ ಅರ್ಥವಾಯಿತು. ಅರ್ಥವಾಗದವನ ಹಾಗೆ ನಟಿಸಲಿಲ್ಲ, ಅದಕ್ಕೆ ಅವನನ್ನು ಮೆಚ್ಚಬೇಕು. "ನೋಡ್ತಿದ್ಲು" ಎಂದ. "ಶುರುವಿನಲ್ಲಿ ದಿನಾ ನೋಡೋಳು. ನಾನು ಏನೂ ಅಂದಿಲ್ಲ. ಬಡಿಸೋಕೆ ಮುಂಚೆ ಅವಳ ಕಣ್ಣೆದುರೇ ನಾನೇ ಒಂದ್ಸಲ ತಳದಿಂದ ಕಲಕಿ ತೋರಿಸಿಬಿಡ್ತಿದ್ದೆ. ಹಾಗೇ ನಡೀತು. ಆಮೇಲೆ ಒಂದಿನ ಏನೋ ಮಾತಾಡ್ತಾ ಮಾತಾಡ್ತಾ ಹಂಗೇ ಬಡಿಸ್ಕೊಂಡು ತಿಂದ್ಲು. ಮರೆತೇಬಿಟ್ಟಿದ್ಲು."

"ಎಷ್ಟು ದಿನ ಹಿಡೀತು?"

"ನಾನ್ಯಾಕೆ ಎಣಿಸ್ಲಿ? ದಿನಾ ಜೊತೇಲಿ ಊಟ ಮಾಡ್ತಿದ್ವಿ, ಮರೆತ್ಲು." ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, "ನೀನೂ ಬಾ ಅನ್ನೋಣ ಅಂದ್ರೆ ಆ ಹಾಳು ನಿಯಮ ಒಂದಿದೆ" ಎಂದ.

ಆಗ ನನಗೆ ಹೊಳೆದದ್ದನ್ನು ತಾವು ದಯವಿಟ್ಟು ಎರಡು ಸಲ ಓದಬೇಕು. ಇಷ್ಟು ದಿನ ನಾನು ಅವನ ಕಾಳಿನ ಮೇಲೆ, ನಿಂಬೆಯ ಮೇಲೆ, ಮೊಳಕೆಯ ಮೇಲೆ ಕರುಬುತ್ತಿದ್ದೆ. ಅವೆಲ್ಲ ನನಗೂ ಸಿಗುತ್ತವೆ, ನೆನೆಹಾಕುವುದನ್ನು ನಾನೂ ಕಲಿಯಬಹುದು. ಅವನಿಗೆ ಸಿಕ್ಕಿ ನನಗೆ ಸಿಗದೇ ಹೋದದ್ದು ಅವಳು ಮರೆತ ಆ ಸಂಜೆ. ಹೆಸರಿಲ್ಲದ, ದಿನಾಂಕವಿಲ್ಲದ ಒಂದು ಸಂಜೆ, ನನ್ನ ಮಗಳು ಒಬ್ಬ ಮನುಷ್ಯನ ಕೈಯಡುಗೆಯನ್ನು ಅನುಮಾನವಿಲ್ಲದೆ ತಿಂದಳು. ಅದು ನನ್ನ ಎದುರಿಗೆ ನಡೆಯಬೇಕಿತ್ತು. ನಡೆದಾಗ ನಾನು ಬೀದಿಯ ಈಚೆ ಇದ್ದೆ, ಬಹುಶಃ ಅವನನ್ನು ಬೈದುಕೊಳ್ಳುತ್ತಾ ಇದ್ದೆ. ವಾರಕ್ಕೊಂದು ಭಾನುವಾರ ಎದುರು ಕೂತು ಕಲ್ಲುಕಡಲೆ ಬಡಿಸುವ ಅಪ್ಪನನ್ನು ಯಾವ ಮಗಳು ತಾನೇ ನಂಬಿಯಾಳು? ಉಳಿದ ಸಂಜೆಗಳನ್ನು ತಾವು ಹಂಚಿಬಿಟ್ಟಿದ್ದೀರಿ. ಮಕ್ಕಳ ನಿಸ್ಸಂಕೋಚಕ್ಕಾಗಿ ಮಾಡಿದ ನಿಯಮ ನನ್ನ ಮನೆಯ ಸಂಕೋಚವನ್ನು ಹಾಗೇ ಕಾಪಾಡ ಹೊರಟಿದೆ. ಮಗಳ ರಕ್ತವನ್ನು ಪರೀಕ್ಷಿಸಲು ತಮ್ಮಲ್ಲಿ ಯಂತ್ರಗಳಿವೆ. ಅವಳ ಅಪ್ಪನ ಮೇಲಿನ ಅನುಮಾನ ಇಳಿಯಿತೇ ಏರಿತೇ ಎಂದು ಅಳೆಯಲು ಏನಿದೆ?

ಈ ಸೋಮವಾರ ನರ್ಸಮ್ಮ ಮತ್ತೆ ಬರುತ್ತಾರೆ. ಯೋಜನೆಯನ್ನು ಇನ್ನೊಂದು ವರ್ಷ ಮುಂದುವರಿಸಬೇಕೇ ಎಂದು ಕೇಳುತ್ತಾರೆ. ತಂದೆ ಬೇಡವೆಂದರೆ ಅಲ್ಲಿಗೆ ಮುಗಿಯಿತು, ಅದೂ ತಮ್ಮದೇ ನಿಯಮ. ಕೈಗೆ ಬಂದ ಈ ಅಧಿಕಾರವನ್ನು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸುತ್ತಿದ್ದೆ. ಬೇಡ ಎನ್ನುವುದು, ಆ ಚೌಕಟ್ಟು ಖಾಲಿಯಾಗುವುದನ್ನು ನೋಡುವುದು. ನಿನ್ನೆ ಅಂಗಡಿ ತೊಳೆಯುವಾಗ ಮಗಳು ಬಂದು ಪೊರಕೆ ಕಿತ್ತುಕೊಂಡು ತಾನೇ ನೀರು ಬಳಿಯತೊಡಗಿದಳು. ನೆಲ ನೋಡುತ್ತಲೇ, "ನೀನು ಬೇಡ ಅಂದ್ರೆ ನಾನು ಹೋಗಲ್ಲ ಅಪ್ಪ" ಎಂದಳು. ನಾನು ದಿಮ್ಮಿ ಒರೆಸತೊಡಗಿದೆ. "ಆದ್ರೆ ಬೇಡ ಅನ್ಬೇಡ." ಅಷ್ಟೇ ಹೇಳಿ ನೀರನ್ನೆಲ್ಲ ಮೋರಿಗೆ ತಳ್ಳಿ ಹೋದಳು. ಬೇಡ ಎಂದರೆ ಅವಳು ಮನೆಯಲ್ಲೇ ಉಣ್ಣುತ್ತಾಳೆ, ನನಗೆ ಗೊತ್ತು. ಹೇಳಿದ ಮಾತಿಗೆ ತಪ್ಪುವವಳಲ್ಲ. ಏಳು ಸಂಜೆಯೂ ಎದುರು ಕೂರುತ್ತಾಳೆ, ಚೆನ್ನಾಗಿದೆ ಅಪ್ಪ ಎನ್ನುತ್ತಾಳೆ. ಅಂಥ ಗೆಲುವನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಆದ್ದರಿಂದ, ಮಾನ್ಯರೇ, ಸೋಮವಾರ ನಾನು ಹೂಂ ಎನ್ನುತ್ತೇನೆ. ಸಂತೋಷದಿಂದಲ್ಲ. ಹೊಟ್ಟೆಯ ಉರಿ ಹಾಗೇ ಇದೆ, ಅದಕ್ಕೆ ತಮ್ಮ ನರ್ಸಮ್ಮನ ಚೀಲದಲ್ಲಿ ಮಾತ್ರೆಯಿದ್ದರೆ ಜೊತೆಗೆ ಕಳಿಸಿಕೊಡಿ. ಬದಲಿಗೆ ನನ್ನದೊಂದು ಬೇಡಿಕೆ, ಒಂದೇ. ಸ್ವಂತ ಮನೆಯವರು ಅದೇ ಮೇಜಿಗೆ ಕೂರತಕ್ಕದ್ದಲ್ಲ ಎಂಬ ಆ ಸಾಲನ್ನು ಹೊಡೆದುಹಾಕಿ. ಎಲ್ಲರಿಗೂ ಹೊಡೆದುಹಾಕಲು ಮೇಲಿನವರ ಒಪ್ಪಿಗೆ ಬೇಕೆಂದಾದರೆ ನನ್ನೊಬ್ಬನಿಗಾದರೂ ಹೊಡೆದುಹಾಕಿ. ನಾಳೆಯಪ್ಪನ ಅಡುಗೆಮನೆಯಲ್ಲಿ ಅವನು ಹೇಳಿದ ಹಾಗೆ ನೆನೆಹಾಕುತ್ತೇನೆ, ಅವನು ಹೇಳಿದ ಹೊತ್ತಿಗೆ ಒಲೆಯಿಂದ ಇಳಿಸುತ್ತೇನೆ. ಅವನ ಎದುರು ಕೈಕಟ್ಟಿ ನಿಲ್ಲುವುದು ನನಗೆ ಎಷ್ಟು ಸಂಕಟವೆಂದು ತಮಗೆ ಈ ಹೊತ್ತಿಗೆ ಗೊತ್ತಾಗಿರಬೇಕು, ಆದರೂ ನಿಲ್ಲುತ್ತೇನೆ. ನಾನು ಮಾಡಿದ್ದನ್ನು ನನ್ನ ಮಗಳ ಮುಂದಿಡುತ್ತೇನೆ. ಅವಳು ಸೌಟನ್ನು ತಳದವರೆಗೆ ಇಳಿಸಲಿ, ಬೇಕಾದಷ್ಟು ಸಲ ಕಲಕಲಿ, ಎತ್ತಿ ಬೆಳಕಿಗೆ ಹಿಡಿದು ನೋಡಲಿ. ನಾನು ಬೇರೆಲ್ಲೋ ನೋಡುತ್ತಾ ಕೂತಿರುತ್ತೇನೆ. ಒಂದು ವರ್ಷವಾದರೂ ಆಗಲಿ, ಎರಡಾದರೂ ಆಗಲಿ. ನನ್ನ ಪಾತ್ರೆಯನ್ನು ಕಲಕಿ ನೋಡಲು ಅವಳು ಮರೆಯುವ ಸಂಜೆ ಒಂದಿದ್ದರೆ, ಆ ಸಂಜೆ ನಾನು ಅದೇ ಮೇಜಿನಲ್ಲಿರಬೇಕು.

ಇಂತಿ,
ಹೊಟ್ಟೆ ಉರಿದರೂ ಹಸಿವು ಇಂಗದ
ಎದುರಂಗಡಿಯವನು